ಸರ್ವರ್‌ಗೆ ಫಲಕ ಎಲ್ಲಿ ಹೊಡೆಯೋಣ?

ಶಾಲೆಗೆ ಬೆಂಚು ಕೊಟ್ಟರೆ ಅದರ ಬೆನ್ನಿಗೆ ದಾನಿಯ ಹೆಸರು ಬರೆಸಬಹುದು. ದೇವಸ್ಥಾನದ ಟ್ಯೂಬ್‌ಲೈಟಿಗೆ ಬರೆಸಿ ಅರ್ಧ ಬೆಳಕನ್ನು ಮುಚ್ಚಲೂಬಹುದು. ಮುಂಬೈಯ ಯಾವುದೋ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ಸರ್ವರ್‌ಗೆ ಎಲ್ಲಿ ಬರೆಸುವುದು? ನಮ್ಮ ಸ್ವಯಂಸೇವಾ ಸಂಸ್ಥೆಗಳ ತಂತ್ರಜ್ಞಾನದ ಗೋಳೆಲ್ಲ ಇಲ್ಲಿಂದಲೇ ಶುರು.

ಸಿಎಸ್‌ಆರ್ ಹಣ ಬಂತೆನ್ನಿ. ಟ್ಯಾಬ್ ಕೊಳ್ಳಲು ದುಡ್ಡುಂಟು, ಆ್ಯಪ್ ಮಾಡಿಸಲು ಉಂಟು, ಉದ್ಘಾಟನೆಯ ಶಾಲು-ಹಾರಕ್ಕೂ ಉಂಟು. ಆ ಆ್ಯಪ್ ಮುಂದಿನ ವರ್ಷವೂ ಉಸಿರಾಡಲು ತಿಂಗಳು ತಿಂಗಳು ಕಟ್ಟಬೇಕಾದ ಕ್ಲೌಡ್ ಬಿಲ್ಲು? ಲೆಕ್ಕಿಗರ ಕಣ್ಣಿಗೆ ಅದು ಆಡಳಿತ ವೆಚ್ಚ. ವಿದೇಶಿ ದೇಣಿಗೆಯಾದರೆ ಹಗ್ಗ ಇನ್ನೂ ಬಿಗಿ: 2020ರ ಎಫ್‌ಸಿಆರ್‌ಎ ತಿದ್ದುಪಡಿ ಈ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಆ ಇಪ್ಪತ್ತರ ಪಂಕ್ತಿಯಲ್ಲಿ ಕಚೇರಿ ಬಾಡಿಗೆ, ಕರೆಂಟು, ಅಕೌಂಟೆಂಟು ಮೊದಲೇ ಕೂತಿರುತ್ತಾರೆ. ಸರ್ವರ್ ಕೈ ತೊಳೆದು ಬರುವಷ್ಟರಲ್ಲಿ ಎಲೆ ಎತ್ತಿರುತ್ತದೆ.

ಉಳಿದದ್ದು ಧರ್ಮದ ದಾರಿ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ! ಮೈಕ್ರೋಸಾಫ್ಟ್ ಇಂಥ ಸಂಸ್ಥೆಗಳಿಗೆ ಬಿಸಿನೆಸ್ ಪ್ರೀಮಿಯಂನ 10 ಲೈಸೆನ್ಸ್ ಹಾಗೇ ಕೊಡುತ್ತಿತ್ತು. 2025ರ ಜುಲೈ 1ರಿಂದ, ನವೀಕರಣದ ಸರದಿ ಬಂದವರಿಗೆ ಬಂದ ಹಾಗೆ, ಕೈ ಎತ್ತಿತು. ಕೆಳದರ್ಜೆಯದು ಈಗಲೂ ಪುಕ್ಕಟೆ, ಮೇಲ್ದರ್ಜೆಗೆ ರಿಯಾಯಿತಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಹದಿಹರೆಯದವರಿಗೆ ಕೋಡಿಂಗ್ ಕಲಿಸುವ ಅಮೆರಿಕದ ಹ್ಯಾಕ್ ಕ್ಲಬ್‌ಗೆ ಚಾಟ್ ತಂತ್ರಾಂಶದ ಸ್ಲ್ಯಾಕ್ ಕಂಪನಿ ವರ್ಷಕ್ಕೆ 2 ಲಕ್ಷ ಡಾಲರಿನ ಬಿಲ್ಲು ತೋರಿಸಿತು. ಅದುವರೆಗೆ ಅವರು ಕಟ್ಟುತ್ತಿದ್ದುದು 5 ಸಾವಿರ. ಮಕ್ಕಳು ಓಪನ್ ಸೋರ್ಸ್‌ನ ಮ್ಯಾಟರ್‌ಮೋಸ್ಟ್‌ಗೆ ಗಂಟುಮೂಟೆ ಕಟ್ಟತೊಡಗಿ ಜಗತ್ತಿಗೆಲ್ಲ ಸಾರಿದ ಮೇಲೆ ಕಂಪನಿಗೆ ಕರುಣೆ ಉಕ್ಕಿತು. ಬೊಬ್ಬೆ ಹೊಡೆಯಲು ಬಾರದ ಸಂಸ್ಥೆಗಳು ಬಿಲ್ಲು ಕಟ್ಟಬೇಕು.

‘ಅದಕ್ಕೇ ಓಪನ್ ಸೋರ್ಸ್ ಅನ್ನೋದು!’ ಎಂದು ಎದ್ದು ನಿಲ್ಲುವವರಿದ್ದಾರೆ. ಸರಿಯೇ. ಓಡಿಕೆ (ODK) ಇದೆ, ಬೆಂಗಳೂರಿನ ಸಮನ್ವಯ ಫೌಂಡೇಶನ್‌ನ ಅವ್ನಿ ಇದೆ. ನೆಟ್‌ವರ್ಕ್ ಇಲ್ಲದ ಹಾಡಿಯಲ್ಲೂ ಫಾರಂ ತುಂಬಿಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುವ ಒಳ್ಳೆಯ ತಂತ್ರಾಂಶಗಳು. ಕೋಡ್ ಪುಕ್ಕಟೆ, ಕೋಡ್ ನೋಡಿಕೊಳ್ಳುವವರ ಹೊಟ್ಟೆ ಪುಕ್ಕಟೆ ಅಲ್ಲ. ಅವರ ಸಂಬಳಕ್ಕೆ ಬಜೆಟ್ಟಿನಲ್ಲಿ ಬಾಬ್ತೇ ಇಲ್ಲ. ಆದ್ದರಿಂದ ಆ ಹುದ್ದೆಯಲ್ಲಿ ‘ನಮ್ಮ ಹುಡುಗ’ ಇರುತ್ತಾನೆ, ಅಂದರೆ ಕಾರ್ಯದರ್ಶಿಗಳ ತಂಗಿಯ ಮಗ. ಒಂದು ಭಾನುವಾರ ಸರ್ವರ್ ಕೂರಿಸಿ, ಚಿತ್ರಾನ್ನ ತಿಂದು, ಮುಂದೆ ಎಂ.ಎಸ್. ಮಾಡಲು ವಿಮಾನ ಹತ್ತುತ್ತಾನೆ. ಸೈಟ್ ಕೆಟ್ಟ ದಿನ ಒಟಿಪಿ ಅವನ ಹಳೇ ಸಿಮ್ಮಿಗೆ ಹೋಗುತ್ತದೆ. ಆ ನಂಬರು ಈಗ ಬ್ಯಾಡಗಿಯ ಮೆಣಸಿನಕಾಯಿ ದಲಾಲರದು.

‘ಸಾರ್, ಒಂದು ಒಟಿಪಿ ಬಂದಿದೆ, ಸ್ವಲ್ಪ ಹೇಳ್ತೀರಾ?’

‘ಒಟಿಪಿ ಕೇಳಾಕ ನಾನ ಸಿಕ್ಕೆನೇನ ತಮ್ಮಾ? ಇಡಪಾ ಫೋನು.’

ಇತ್ತ ಹಳ್ಳಿಯಲ್ಲಿ ಸಂಸ್ಥೆಯ ಕಾರ್ಯಕರ್ತೆಯ ಚೀಲದಲ್ಲಿ ಮೂರು ಟ್ಯಾಬ್. ದಾನಿಗಳು ಮೂವರು, ಆದ್ದರಿಂದ ಆ್ಯಪ್ ಮೂರು, ಒಂದೊಂದರ ಬೆನ್ನಿಗೂ ಒಂದೊಂದು ಲೋಗೋ. ಮಗು ಒಂದೇ, ತೂಕವೂ ಒಂದೇ. ತಕ್ಕಡಿಯಲ್ಲಿ ಮಗು ಕಿರುಚುವಾಗ ಮೂರು ಪಾಸ್‌ವರ್ಡ್ ಒತ್ತಲಾಗದೆ ಆಕೆ 200 ಪುಟದ ನೋಟ್‌ಬುಕ್ಕಿನಲ್ಲಿ ‘ಎಂಟು ಕಿಲೋ ನಾನೂರು’ ಎಂದು ಗೀಚಿಕೊಂಡು, ರಾತ್ರಿ ಒಲೆ ಆರಿದ ಮೇಲೆ ಮೂರಕ್ಕೂ ತುಂಬುತ್ತಾಳೆ. ಬೆಂಗಳೂರಿನ ಡ್ಯಾಶ್‌ಬೋರ್ಡ್ ಅದನ್ನು ‘ರಿಯಲ್ ಟೈಮ್’ ಎನ್ನುತ್ತದೆ.

ಸರ್ವರ್ ಪೂರ್ತಿ ಮಲಗಿದಾಗ ದಾನಿಗಳು ಬ್ಯಾಕಪ್ ಕೇಳಿದರು. ಸಂಸ್ಥೆ ಗಂಭೀರವಾಗಿ ಬರೆಯಿತು: ‘ನಮ್ಮಲ್ಲಿ ವಿಕೇಂದ್ರೀಕೃತ ಆಫ್‌ಲೈನ್ ಬ್ಯಾಕಪ್ ವ್ಯವಸ್ಥೆ ಜಾರಿಯಲ್ಲಿದೆ.’ ನೋಟ್‌ಬುಕ್ಕಿನಿಂದ ಎಲ್ಲವನ್ನೂ ಮತ್ತೆ ಟೈಪ್ ಮಾಡಿಸಿದರು. ಆ ನೋಟ್‌ಬುಕ್ಕಿನ ಬಿಲ್ಲು ಮಾತ್ರ ಇನ್ನೂ ಪಾಸಾಗಿಲ್ಲ. ಅಂಗಡಿಯವನ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲವಂತೆ.