ಇಂಡಿಕೇಟರ್ ಮೀಮಾಂಸೆ

ದೀಪದಿಂದ ಅರ್ಥವನ್ನು ಹೊಮ್ಮಿಸುವ ಸಂಪ್ರದಾಯಗಳು ಪ್ರಧಾನವಾಗಿ ಎರಡು: ಜಲಮಾರ್ಗಿಗಳದ್ದು ಮತ್ತು ಭೂಮಾರ್ಗಿಗಳದ್ದು. ಮೊದಲನೆಯದು ವಾಚ್ಯಾರ್ಥವನ್ನು, ಎಂದರೆ ಸಂಜ್ಞೆಗೆ ಅಂಟಿಕೊಂಡಿರುವ ನೇರ ಅರ್ಥವನ್ನಷ್ಟೇ ಬಲ್ಲ ಬಡ ಸಂಪ್ರದಾಯ. 1972ರ ಅಂತರರಾಷ್ಟ್ರೀಯ ನಿಯಮಗಳಂತೆ ಹಡಗಿನ ಎಡಪಕ್ಕದಲ್ಲಿ ಕೆಂಪು, ಬಲಪಕ್ಕದಲ್ಲಿ ಹಸಿರು ದೀಪವಿದ್ದು, ಒಂದೊಂದೂ ಮುಂಭಾಗದ ನೇರದಿಂದ 112.5 ಡಿಗ್ರಿಯಷ್ಟೇ ಬೆಳಗಿ, ಮಿಕ್ಕ 135 ಡಿಗ್ರಿಯನ್ನು ಹಿಂಬದಿಯ ಬಿಳಿ ದೀಪಕ್ಕೆ ಬಿಟ್ಟುಕೊಡುವುದರಿಂದ, ಎದುರಿನ ಹಡಗು ಎತ್ತ ಮುಖ ಮಾಡಿದೆಯೆಂಬುದು ಬಣ್ಣದಿಂದಲೇ ತಿಳಿದುಬಿಡುತ್ತದೆ. ಮಲ್ಪೆಯ ಟ್ರಾಲ್ ಬೋಟು ರಾತ್ರಿ ಬಲೆ ಎಳೆಯುವಾಗ ಬಿಳಿ ದೀಪದ ಮೇಲೊಂದು ಹಸಿರು ದೀಪ ತೋರಿಸತಕ್ಕದ್ದೆಂಬುದೂ ಇದೇ ಶಾಸ್ತ್ರದ ವಿಧಿ. ವ್ಯಾಖ್ಯಾನಕಾರನಿಗೆ ಇಲ್ಲಿ ಕೆಲಸವೇ ಇಲ್ಲ.

ಭೂಮಾರ್ಗಿಗಳಾದರೋ, 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಪ್ರತಿಪಾದಿಸಿದ ಧ್ವನಿಯನ್ನು, ಅಂದರೆ ಹೇಳಿದ್ದರ ಆಚೆಗಿನ ಹೇಳದ್ದನ್ನು ಹೊಳೆಯಿಸುವ ಶಕ್ತಿಯನ್ನು, ಬರಿಯ ಬ್ಯಾಟರಿಯ ಬಲದಿಂದ ಸಾಧಿಸಿದ್ದಾರೆ. ಶಿರಾಡಿ ಘಾಟಿಯಲ್ಲಿ ಏದುಸಿರು ಬಿಡುತ್ತ ಏರುವ ಲಾರಿಯ ಬಲ ಇಂಡಿಕೇಟರ್ ಮಿನುಗಿತೆನ್ನೋಣ. ‘ಬಲಕ್ಕೆ ತಿರುಗುವೆ’ ಎಂಬುದು ವಾಚ್ಯಾರ್ಥ. ಬಲಕ್ಕೆ ಕಣಿವೆಯಿರುವುದರಿಂದ ಮುಖ್ಯಾರ್ಥಬಾಧೆ, ಎಂದರೆ ನೇರ ಅರ್ಥ ಹೊಂದದಿರುವಿಕೆ, ಒದಗುತ್ತದೆ. ಆಗ ‘ರಸ್ತೆ ಖಾಲಿಯಿದೆ, ಮುಂದೆ ಹೋಗು’ ಎಂಬ ಲಕ್ಷ್ಯಾರ್ಥವೂ ‘ಎದುರಿಗೆ ಬಸ್ಸು ಬರುತ್ತಿದೆ, ತೆಪ್ಪಗಿರು’ ಎಂಬ ವ್ಯಂಗ್ಯಾರ್ಥವೂ ಏಕಕಾಲಕ್ಕೆ ಸ್ಫುರಿಸುತ್ತವೆ. ಆಫ್ ಮಾಡಲು ಮರೆತಿರುವುದು ಆಲಂಕಾರಿಕರು ಗಣಿಸದ ನಾಲ್ಕನೆಯ ಅರ್ಥ. ಇವುಗಳಲ್ಲಿ ಯಾವುದು ಗ್ರಾಹ್ಯವೆಂಬುದನ್ನು ಓವರ್‌ಟೇಕ್ ಮಾಡಿದ ಸಹೃದಯನೇ ನಿರ್ಣಯಿಸಬಲ್ಲನು. ತಪ್ಪಾಗಿ ನಿರ್ಣಯಿಸಿದವರ ಅಭಿಪ್ರಾಯಗಳು ಉಪಲಬ್ಧವಿಲ್ಲ.

ಹೆಡ್‌ಲೈಟನ್ನು ಫಕ್ಕನೆ ಹೊಳೆಯಿಸುವುದು ಬ್ರಿಟನ್ನಿನ ರೂಢಿಯಲ್ಲಿ ‘ನೀವು ಮುಂದಾಗಿ’ ಎಂಬ ವಿನಯವಾದರೆ, ಇಲ್ಲಿ ‘ನಾನು ಬಂದೆ’ ಎಂಬ ವೀರರಸ. ಕೂಡುರಸ್ತೆಯಲ್ಲಿ ನಾಲ್ಕೂ ಇಂಡಿಕೇಟರ್ ಹಚ್ಚಿ ನೇರ ಹೋಗುವುದು ವಿರೋಧಾಭಾಸಾಲಂಕಾರ: ಎಡವೂ ಹೌದು, ಬಲವೂ ಹೌದು, ಆದ್ದರಿಂದ ಎರಡೂ ಅಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ನಿನೊಡನೆ ತಾನೇ ಹೊತ್ತಿಕೊಳ್ಳುವಂತಾದಾಗ, ಹಾದಿಹೋಕರು ಐದೂ ಬೆರಳುಗಳನ್ನು ಬಿಚ್ಚಿ ಮುಚ್ಚಿ ‘ಲೈಟು ಉರೀತಿದೆ’ ಎಂದು ಎಚ್ಚರಿಸುತ್ತಿದ್ದುದು, ಸುಮ್ಮನಿರುವ ದೀಪಕ್ಕೂ ಅರ್ಥ ಆರೋಪಿಸುವ ಜನತೆಯ ರಸಿಕತೆಗೆ ಸಾಕ್ಷಿ.

ಒಂದು ಕೊರತೆ ಮಾತ್ರ ಉಳಿದಿದೆ. ಹತೋಟಿ ತಪ್ಪಿ ಬೇರೆಯವರಿಗೆ ದಾರಿ ಬಿಡಲಾರದ ಹಡಗು, ಒಂದರ ಕೆಳಗೊಂದು ಎರಡು ಕೆಂಪು ದೀಪಗಳನ್ನು ಸುತ್ತಲೂ ಕಾಣುವಂತೆ ತೋರಿಸಬೇಕು. ರಸ್ತೆಯಲ್ಲಿ ಇದಕ್ಕೆ ಸಮನಾದ ಸಂಜ್ಞೆಯಿಲ್ಲ; ಇದ್ದಿದ್ದರೆ ಬಹುಪಾಲು ವಾಹನಗಳು ಅದನ್ನು ಹಗಲಿರುಳೂ ಉರಿಸಬೇಕಾಗಿ ಬಂದು, ಬ್ಯಾಟರಿ ಬಾಳುತ್ತಿರಲಿಲ್ಲ.