ಅಜ್ಜಿಯ ಮಡಿಲಿಗೊಂದು ತಿದ್ದುಪಡಿ

ಹೊಸ ಕಾರಿನ ನಾಲ್ಕು ಚಕ್ರಕ್ಕೂ ಮರೆಯದೆ ನಿಂಬೆಹಣ್ಣು ಇಡುವ ನಾವು, ಒಳಗಿರುವ ಕೂಸನ್ನು ಅಜ್ಜಿಯ ಮಡಿಲಿಗೆ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. ಮಡಿಲಿನ ಮೇಲೆ ನನಗೂ ಗೌರವವಿದೆ. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗುದ್ದಿ ನಿಂತ ಆ ಕ್ಷಣದಲ್ಲಿ ಹತ್ತು ಕಿಲೋ ಮಗುವನ್ನು ಹಿಡಿದಿಟ್ಟುಕೊಳ್ಳಲು ಎರಡು ಕ್ವಿಂಟಲ್ ರಾಗಿ ಎತ್ತುವಷ್ಟು ಬಲ ಬೇಕು. ನಮ್ಮತ್ತೆ ರಾಗಿ ಬೀಸಿದವರು ನಿಜ, ಮೂಟೆ ಹೊತ್ತವರಲ್ಲ.

ಈ ಮೋಹ ನಮ್ಮೊಬ್ಬರದೇ ಅಲ್ಲ. ಮಕ್ಕಳನ್ನು ಸೀಟಿಗೆ ಕಟ್ಟಿಯೇ ಕರೆದೊಯ್ಯಬೇಕೆಂದು ಅಮೆರಿಕದಲ್ಲಿ ಮೊದಲು ಕಾನೂನು ತಂದದ್ದು ಟೆನೆಸ್ಸಿ ರಾಜ್ಯ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಶಾಸಕರ ಬೆನ್ನುಬಿದ್ದು ಮಾಡಿಸಿದ ಅದು 1978ರಲ್ಲಿ ಜಾರಿಗೆ ಬಂತು. ಬಂತೇನೋ ಸರಿ, ದೊಡ್ಡವರ ತೋಳಲ್ಲಿರುವ ಕೂಸಿಗೆ ವಿನಾಯಿತಿ ಎಂದು ಯಾರೋ ಪುಣ್ಯಾತ್ಮರು ಒಂದು ಸಾಲು ಸೇರಿಸಿಬಿಟ್ಟಿದ್ದರು! ಅದನ್ನು ಕಿತ್ತುಹಾಕಲು 1981 ಬರಬೇಕಾಯಿತು. ನಮ್ಮಲ್ಲಿ 2019ರ ತಿದ್ದುಪಡಿಯಂತೆ, ಹದಿನಾಲ್ಕು ತುಂಬದ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡ. "ಒಂದು ಸೀಟಿನ ದುಡ್ಡಲ್ಲಿ ಎಷ್ಟು ಸಲ ದಂಡ ಕಟ್ಟಬಹುದು, ನೋಡಿ" ಎಂದರು ಮಾವನವರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು.

ಸೀಟು ಕೊಳ್ಳಲು ಹೋದರೆ ಅಂಗಡಿಯ ಹುಡುಗ ಬಣ್ಣ ತೋರಿಸುತ್ತಾನೆ, ಹಾಲಿನ ಬಾಟಲಿ ಇಡುವ ಗೂಡು ತೋರಿಸುತ್ತಾನೆ. ನೋಡಬೇಕಾದ್ದು ಆರ್44 ಅಥವಾ ಆರ್129 ಎಂದು ಸುರಕ್ಷತಾ ನಿಯಮದ ಹೆಸರಿರುವ ಕಿತ್ತಳೆ ಬಣ್ಣದ ಚೀಟಿ, ಮಗುವಿನ ತೂಕ, ಎತ್ತರ, ಮತ್ತು ಸೀಟು ನಮ್ಮ ಕಾರಿಗೆ ಹೊಂದುತ್ತದೆಯೇ ಎಂಬುದು. ತೊಟ್ಟಿಲಾದರೆ ತಲೆಮಾರು ದಾಟಿ ಬರುತ್ತದೆ. ಷಡ್ಡಕನ ಮನೆಯ ಹಳೆಯ ಸೀಟು ಹಾಗಲ್ಲ. ಒಮ್ಮೆ ಅಪಘಾತ ಕಂಡಿದ್ದರೆ, ಮೇಲೆ ಗೀರು ಇಲ್ಲದಿದ್ದರೂ ಬೇಡ.

ನಿಜವಾದ ಜಗಳ ಹತ್ತಿದ್ದು ದಿಕ್ಕಿನ ವಿಷಯದಲ್ಲಿ. "ಏನಳಿಯಂದಿರೇ, ಕೂಸಿನ ಮುಖ ಹಿಂದಕ್ಕೆ ಮಾಡಿಸಿದ್ದೀರಲ್ಲ, ಅದು ದಾರಿ ನೋಡೋದು ಬೇಡ್ವೇ?" ಎಂದರು ಅತ್ತೆ. ಕೂಸಿನ ತಲೆ ಮೈಯ ಅಳತೆಗೆ ಭಾರ, ಕುತ್ತಿಗೆ ಇನ್ನೂ ಎಳಸು, ಹಿಂದಕ್ಕೆ ಮುಖ ಮಾಡಿ ಕೂತರೆ ಮುಂದಿನಿಂದ ಬಂದ ಹೊಡೆತ ಕುತ್ತಿಗೆಯೊಂದರ ಮೇಲೇ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ ಎಂದೆ. ಒಪ್ಪಲಿಲ್ಲ. ಸ್ವೀಡನ್ನಿನ ಸಂಶೋಧಕ ಬರ್ಟಿಲ್ ಆಲ್ಡ್‌ಮನ್‌ಗೆ 1960ರ ದಶಕದಲ್ಲಿ ಇದು ಹೊಳೆದದ್ದು ಜೆಮಿನಿ ನೌಕೆಯ ಗಗನಯಾತ್ರಿಗಳು ಬೆನ್ನು ಆನಿಸಿ ಕೂರುವ ರೀತಿ ಕಂಡು ಎಂದೆ. ಮೊಮ್ಮಗನಿಗೆ ಗಗನಯಾತ್ರಿಯ ಆಸನ ಎಂದ ಕೂಡಲೇ ಕೊಂಚ ಮೆತ್ತಗಾದರು. ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಹೀಗೇ ಕೂರಿಸು ಎನ್ನುತ್ತದೆ. ಆದರೆ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಖಂಡಿತ ಕೂಡದು. ಅದು ಉಬ್ಬಿ ಬಂದು ಮಗುವಿನ ಸೀಟಿನ ಬೆನ್ನಿಗೇ ಬಡಿಯುತ್ತದೆ.

ಕಟ್ಟುವುದೂ ಒಂದು ವಿದ್ಯೆ. ಸೀಟನ್ನು ನೇರ ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯಾದರೆ ಟಕ್ಕೆನ್ನಬೇಕು. ಕಾರಿನ ಬೆಲ್ಟಾದರೆ ಸೀಟಿನ ಮೇಲೆ ಮೊಣಕಾಲೂರಿ ಎಳೆಯಬೇಕು. ಬೆಲ್ಟ್ ಹಾಯುವಲ್ಲಿ ಹಿಡಿದು ಅಲುಗಿಸಿದರೆ ಒಂದಿಂಚಿಗಿಂತ ಹೆಚ್ಚು ಸರಿಯಬಾರದು. ಮಗುವಿನ ಭುಜದ ಪಟ್ಟಿ ಚಿವುಟಿದರೆ ಬೆರಳಿಗೆ ಸಿಗಬಾರದು. ಅಜ್ಜಿ ಹೆಣೆದ ದಪ್ಪ ಸ್ವೆಟರಿನ ಮೇಲೆ ಬಿಗಿದ ಪಟ್ಟಿ ನೋಡಲು ಬಿಗಿ, ಒಳಗೆ ಸಡಿಲ. ಆದ್ದರಿಂದ ಸ್ವೆಟರ್ ಬಿಚ್ಚಿ, ಪಟ್ಟಿ ಹಾಕಿ, ಆಮೇಲೆ ಶಾಲು ಹೊದಿಸುವುದು. ಕುಲಾವಿಗೆ ನನ್ನ ತಕರಾರಿಲ್ಲ. ಈ ಷರತ್ತಿನ ಮೇಲೆ ರಾಜಿಯಾಯಿತು.

ಸೀಟು ಬಂದಮೇಲೆ ಹಿಂದೆ ಇಬ್ಬರಿಗಷ್ಟೇ ಜಾಗ. ತಿಪಟೂರಿನ ಗೃಹಪ್ರವೇಶಕ್ಕೆ ಮಾವನವರು ಬಸ್ಸಿನಲ್ಲಿ ಹೊರಟರು. ದಂಡದ ಲೆಕ್ಕವನ್ನು ತುಮಕೂರು ದಾಟುವುದರೊಳಗೆ ಪಕ್ಕದ ಪ್ರಯಾಣಿಕರಿಗೆ ಒಪ್ಪಿಸಿರಬೇಕು.