ಬೋರ್ಡು ತಿದ್ದುವ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿಯ ಬೋರ್ಡಿನಲ್ಲಿ ‘ಸ್ಟೇಷನರಿ’ಯ ಬಾಲಕ್ಕೆ ‘ಇ’ ಬದಲು ‘ಎ’ ಅಂಟಿರುವುದನ್ನು ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದೀರಿ. ನಿಮ್ಮ ಭಾಷಾಸೇವೆಗೆ ಶರಣು. ‘ಇ’ ಬಂದರೆ ಕಾಗದ, ಲಕೋಟೆ. ‘ಎ’ ಬಂದರೆ ನಿಂತಲ್ಲೇ ನಿಂತದ್ದು. ಎನ್ವಲಪ್‌ನ ‘ಇ’ ನೆನಪಿಟ್ಟರೆ ಸಾಕು ಎಂದು ಪಾಠವನ್ನೂ ಹೇಳಿದ್ದೀರಿ.

ಒಂದು ಸಣ್ಣ ತೊಡಕಿದೆ. ಮಧ್ಯಯುಗದ ಯುರೋಪಿನಲ್ಲಿ ಗಂಟು ಹೊತ್ತು ಊರೂರು ಸುತ್ತುವ ವ್ಯಾಪಾರಿಗಳೇ ಬಹಳ. ಪುಸ್ತಕ ಮಾರುವವನು ಒಂದೆಡೆ ಅಂಗಡಿ ಹೂಡಿ ನಿಂತ. ನಿಂತದ್ದಕ್ಕೇ ‘ಸ್ಟೇಷನರ್’ ಎನಿಸಿಕೊಂಡ. ಲಂಡನ್ನಿನಲ್ಲಿ 1403ರಷ್ಟು ಹಿಂದೆಯೇ ಈ ಕಸುಬಿನವರ ಸಂಘವಿತ್ತು. 1557ರಲ್ಲಿ ಅದಕ್ಕೆ ರಾಜಸನ್ನದೂ ಸಿಕ್ಕಿತು. ಅವರು ಮಾರಿದ ಸರಕೇ ಸ್ಟೇಷನರಿ. ನೀವು ಬೇರ್ಪಡಿಸಲು ಹೆಣಗುತ್ತಿರುವ ಇವೆರಡೂ ಒಂದೇ ತಾಯಿಯ ಮಕ್ಕಳು, ಸ್ವಾಮಿ. ಬಸ್‌ಸ್ಟ್ಯಾಂಡ್ ಎದುರಿನ ನಮ್ಮ ಅಂಗಡಿಯವರು ರಸ್ತೆ ಅಗಲೀಕರಣಕ್ಕೂ ಜಗ್ಗದೆ ಅಲ್ಲೇ ಕೂತಿದ್ದಾರೆ. ‘ಎ’ಗೆ ಅವರಿಗಿಂತ ಹಕ್ಕುದಾರರು ಬೇಕೆ?

ಕರ್ನಾಟಕದ ಭಾಷಾ ಕಾಯ್ದೆಯ 2024ರ ತಿದ್ದುಪಡಿಯಂತೆ ಬೋರ್ಡಿನ ಶೇ. 60 ಭಾಗ ಕನ್ನಡಕ್ಕೆ ಮೀಸಲು. ಅಲ್ಲಿ ತಪ್ಪು ಹುಡುಕಿ ನೋಡೋಣ. ಕಾಗದದ್ದೂ ಸ್ಟೇಷನರಿ, ನಿಂತದ್ದೂ ಸ್ಟೇಷನರಿ! ನಿಮ್ಮ ಪಾಂಡಿತ್ಯಕ್ಕೆ ಉಳಿದ ಜಾಗ ಶೇ. 40 ಮಾತ್ರ. (ಕನ್ನಡದಲ್ಲಿ ತಪ್ಪಾಗುವುದೇ ಇಲ್ಲ ಎನ್ನುತ್ತಿಲ್ಲ. ಯುಗಾದಿಗೆ ನೀವು ಕಳಿಸಿದ ‘ಹಾರ್ದಿಕ ಶುಭಾಷಯಗಳು’ ತಲುಪಿವೆ.)

ನಿಮ್ಮ ಇನ್ನೊಂದು ಸೂತ್ರ: ಕಾಲೇಜಿನ ಪ್ರಿನ್ಸಿಪಾಲರ ಕೊನೆಗೆ ‘ಪ್ಯಾಲ್’ ಇರುತ್ತದೆ, ಅಂದರೆ ಗೆಳೆಯ, ತತ್ವದ ಪ್ರಿನ್ಸಿಪಲ್‌ಗೆ ‘ಎಲ್-ಇ’. ಹಾಜರಾತಿ ಕಮ್ಮಿಯಾಗಿ ಹಾಲ್‌ಟಿಕೆಟ್‌ಗೆ ಅಲೆಯುತ್ತಿರುವ ಪಿಯುಸಿ ಹುಡುಗನಿಗೆ ಈ ಗೆಳೆತನ ವಿವರಿಸುವ ಧೈರ್ಯ ನನಗಿಲ್ಲ. ಆದರೆ ಸಾಲದ ಅಸಲಿಗೂ ಇದೇ ‘ಪ್ಯಾಲ್’ ಎಂಬುದನ್ನು ನೀವು ಹೇಳಲಿಲ್ಲವಲ್ಲ! ಮನೆಸಾಲ ಮಾಡಿದವರನ್ನು ಕೇಳಿ: ಇಪ್ಪತ್ತು ವರ್ಷ ಕೈಬಿಡದ ಗೆಳೆಯ ಅವನೊಬ್ಬನೇ.

ಜಿಮ್‌ಗಳ ‘ಲೂಸ್ ವೆಯ್ಟ್’ ಫ್ಲೆಕ್ಸ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಕಳೆದುಕೊಳ್ಳುವುದಕ್ಕೆ ಒಂದು ‘ಓ’, ಸಡಿಲಕ್ಕೆ ಎರಡು. ಎರಡು ‘ಓ’ ಹಾಕಿದರೆ ತೂಕ ಇಳಿಯುವುದಿಲ್ಲ, ಇದ್ದಲ್ಲೇ ಜೋಲುತ್ತದೆ. ಮುಂಗಡ ಶುಲ್ಕ ಕಟ್ಟಿಸಿಕೊಳ್ಳುವವರು ಇಷ್ಟೊಂದು ಪ್ರಾಮಾಣಿಕರಾಗಬಾರದು.

ಇತಿ,
ಬೋರ್ಡು ಓದಿ ಅಂಗಡಿಗೆ ಹೋಗುವವ